ಏಳು ಕಿಲೋ ಉಪ್ಪು

ತಾರಿಹಾಳದ ನಮ್ಮ ಶೆಡ್ಡಿಗೆ ಸಮುದ್ರ ಬಂದದ್ದು
ಒಂದು ಮಂಗಳವಾರ, ಟಂಟಂ ಗಾಡಿಯೊಳಗ:
ನೀಲಿ ಡ್ರಮ್ಮು ಒಂದು,
ಕಿರಾಣಿ ಅಂಗಡಿ ಉಪ್ಪು ಏಳು ಕಿಲೋ.
ಬೋರಿನ ನೀರು ಇನ್ನೂರು ಲೀಟರ್ ಬಿಟ್ಟು
ಬಿದಿರ ಬಡಿಗಿಲೆ ತಿರುವಿದ ದಾವಲಸಾಬ.
ಬೆರಳದ್ದಿ ನೆಕ್ಕಿ, ಮಾರಿ ಕಿವುಚಿ
‘ಆತು’ ಅಂದ, ‘ಕಾರವಾರ.’

ಆರ್ಡರು ಬಂದಿತ್ತು. ಕಡಲ ನಡುವ
ತೇಲೂ ಕಟ್ಟಿಗೆ ಹಾಸಾಕ ನಲವತ್ತೆಂಟು ಉಕ್ಕಿನ ಪ್ಲೇಟು.
ಮ್ಯಾಲ ಹೋದ ರಾಕೆಟ್ಟು ಹೊಳ್ಳಿ ಬಂದು
ಅದರ ಮ್ಯಾಲ ನಿಂದ್ರತೈತಂತ, ಕಾಲು ಬಿಚ್ಚಿ,
ಉಣಕಲ್ ಕೆರಿ ದಂಡ್ಯಾಗ ಕೊಕ್ಕರಿ ಇಳದಂಗ.

‘ನೆಲಾ ಇಷ್ಟು ಬಿದ್ದೈತಿ, ನೀರಾಗ ಯಾಕ?’
ಕೇಳಿದೆ ನಾ. ಡ್ರಾಯಿಂಗ್ ಹಾಳಿ ಮ್ಯಾಲ
ಚಹಾದ ಕಪ್ಪು ಇಡಬ್ಯಾಡ್ರಿ ಅಂತ ಬೈಕೋತ
ಅಂದ್ಲು ಇಂಜಿನಿಯರ್ ಸುನಂದಾ ಪತ್ತಾರ:
‘ತಪ್ಪಿ ಬಿದ್ರ ಕೆಳಗ ಯಾರ ಮನಿನೂ ಇರಬಾರದು, ಅದಕ್ಕ.’
‘ಮೀನು?’ ಅಂದ ದಾವಲಸಾಬ.
ಆಕಿ ಪೆನ್ಸಿಲ್ ಚೂಪು ಮಾಡಾಕ ಹತ್ತಿದ್ಲು.

ನಾ ಫಿಟ್ಟರ್. ವೆಲ್ಡರ್ ರಜಾ ಹಾಕಿದ ದಿನ ವೆಲ್ಡರ್ರೂ.
ಇಪ್ಪತ್ತಾರು ವರ್ಷ
ರಸಮಟ್ಟದ ಹಸಿರು ಗುಳ್ಳಿ ನೋಡಿ ಅನ್ನಾ ಉಂಡಾಂವ.
ಎರಡು ಗೀರಿನ ನಡುವ ಗುಳ್ಳಿ ನಿಂತ್ರ
ಜಗತ್ತು ನಿಂತಂಗ, ಬೋಲ್ಟು ಬಿಗಿ.
ಆದರ ಆ ಕಟ್ಟಿ ಮ್ಯಾಲ, ಹೇಳ್ರಿ,
ಗುಳ್ಳಿ ಎಂದರ ನಿಂದ್ರತೈತೇನು?
ಇಡೀ ರಾತ್ರಿ ಅತ್ತ ಇತ್ತ, ಅತ್ತ ಇತ್ತ,
ತೊಟ್ಟಿಲದಾಗ ನಿದ್ದಿ ಹತ್ತಲಾರದ ಕೂಸಿನಂಗ.
ಸುನಂದಾ ಅಂದ್ಲು, ಅದಕ್ಕ ಬ್ಯಾರೆ ಮೋಟಾರು ಅದಾವು,
ನೀವು ನಿಮ್ಮ ಬೆಸಿಗಿ ನೋಡ್ರಿ.

ನೋಡಿದೆ. ಮೂವತ್ತು ದಿನ ಉಪ್ಪಿನಾಗ ಮುಳುಗಿದ್ದ
ತುಂಡುಗಳನ್ನ ಎತ್ತಿದಾಗ ಎಲ್ಲಾ ಸ್ವಚ್ಛ,
ಒಂದರ ಬುಡದಾಗ ಮಾತ್ರ
ಕುಂಕುಮದ ಚಿಟಿಕಿಯಷ್ಟು ತುಕ್ಕು.
ಮಗ್ಗಲಕ್ಕ ಕೆತ್ತಿದ ನಂಬರು ನಂದು.
ಯಾರೂ ಏನೂ ಅನ್ನಲಿಲ್ಲ. ಅಂದಿದ್ರ ಛಲೋ ಇತ್ತು.
ಆ ರಾತ್ರಿ ಶೆಡ್ಡಿನಾಗ ಉಳದು
ಗ್ರೈಂಡರ್ ಹಿಡದೆ. ನಾ ಬೆಸದದ್ದು ನಾಲ್ಕು ಪ್ಲೇಟು,
ನಾಲ್ಕೂ ಬಿಚ್ಚಿ ಮತ್ತ ಬೆಸದೆ,
ಬೆಳಗಾಗೂದ್ರಾಗ ಕಣ್ಣಾಗ ಮರಳು.

ಅರಬೈಲ್ ಘಟ್ಟ ಇಳದು ಹೋತು ಲಾರಿ.
ನಾವು ಹೋಗಲಿಲ್ಲ.

ಎಂಟು ತಿಂಗಳ ಮ್ಯಾಲ, ಡಬ್ಬಿ ಬಿಚ್ಚೂ ಹೊತ್ತಿಗೆ
ದಾವಲಸಾಬನ ಮೊಬೈಲಿನಾಗ ಬಂತದು:
ಅಂಗೈಯಷ್ಟು ಸಮುದ್ರ, ಉಗುರಿನಷ್ಟು ಕಟ್ಟಿ.
ಬೆಂಕಿ ಇಳೀತು. ಹೊಗಿ. ಕಾಲು ಊರಿತು.
ಒಂದು, ಎರಡು, ಮೂರು ಎಣಿಸೂದ್ರಾಗ
ಒಂದು ಕಾಲು ಮಡಚಿ, ಕುಡದಾಂವ ಗ್ವಾಡಿ ಹುಡುಕಿದಂಗ
ವಾಲಿ, ಉರುಳಿ, ನೀರಿಗೆ.
ಮೊಬೈಲಿನಾಗಿನ ಮಂದಿ ‘ಅಯ್ಯೋ’ ಅಂದ್ರು.
ಹೊಗಿ ಸರದ ಮ್ಯಾಲ ಕಟ್ಟಿ ಕಂಡ್ತು,
ಕರ್ರಗ ಸುಟ್ಟು, ತೆರಿ ಹೊಡತ ತಿನಕೋತ, ಹಂಗ ಇತ್ತು.
ನಾವು ‘ಹೋ!’ ಅಂತ ಚಪ್ಪಾಳಿ ಹೊಡದ್ವಿ.
ಆಮ್ಯಾಲ ಒಬ್ಬರ ಮಾರಿ ಒಬ್ಬರು ನೋಡಿ
ಸುಮ್ಮನ ರೊಟ್ಟಿ ಮುರದ್ವಿ.

ಡ್ರಮ್ಮಿನ ನೀರು ಎಲ್ಲಿ ಚೆಲ್ಲೂದು, ಯಾರಿಗೂ ತಿಳಿದಿರಲಿಲ್ಲ.
ಗೇಟಿನ ಬೇವಿನ ಬುಡಕ್ಕ ಹಾಕಿದ್ರ ಗಿಡ ಸಾಯ್ತೈತಿ,
ಗಟಾರಕ್ಕ ಬಿಟ್ರ ಆಚೆ ಯಾರದೋ ಮೆಣಸಿನಕಾಯಿ ಹೊಲ.
ಮುಚ್ಚಳ ತಗದು ಹಂಗ ಬಿಟ್ವಿ.
ಬ್ಯಾಸಗಿ ಬಂತು. ಇಳಕೋತ ಇಳಕೋತ ನೀರು
ಎಣಿಕಿ ಇಲ್ಲ, ಬೆಂಕಿ ಇಲ್ಲ,
ಸಪ್ಪಳಿಲ್ಲದ ಮ್ಯಾಲ ಹೋತು.
ತಳದಾಗ ಬೆಳ್ಳನ್ನ ಹರಳು.

ಸ್ಟೋರಿನ ಈರಮ್ಮ ಕೆರದು ತಗದು, ತಕ್ಕಡಿಗಿಟ್ಟು
‘ಆರೂವರಿ’ ಅಂದ್ಲು, ‘ಅರ್ಧ ಕಿಲೋ ಕಡಿಮಿ.’
ನಾ ಬೆರಳು ನೋಡಿಕೊಂಡೆ.
ಆಕಿ ರಜಿಸ್ಟರ್ ಮುಂದ ಸರಿಸಿ
‘ಇಲ್ಲಿ ಸಹಿ ಮಾಡ್ರಿ’ ಅಂದ್ಲು.