ಬಂದರೆ, ಬಂದರು

ಟೋರ್ಶಾವ್ನ್ ಕಟ್ಟೆಯ ಮೇಲೆ ಉಪ್ಪುಮೀನಿನ ಹಳೆಯ ಗೋದಾಮು,
ಅದರ ಮಹಡಿ. ಫ್ಯಾರೋ ದ್ವೀಪಗಳ ಡಿಸೆಂಬರಿನಲ್ಲಿ
ಮಧ್ಯಾಹ್ನ ಮೂರಕ್ಕೇ ದೀಪ ಹಚ್ಚಬೇಕು.
ರನ್ವಾ ಕೋಟು ಬಿಚ್ಚದೆ ಕೂತಿದ್ದಾಳೆ.
ಪರದೆಯ ತುಂಬ ಹಸಿರು. ನಾಲ್ಕುನೂರ ಹನ್ನೆರಡು ಪರೀಕ್ಷೆ,
ಎಲ್ಲವೂ ಪಾಸು.
ಅದೇ ಅವಳಿಗೆ ಹಿಡಿಸಲಿಲ್ಲ.

ಹಡಗು ಬಿಡಬಹುದೋ ಬೇಡವೋ ಎಂದು ಹೇಳುವ ಪ್ರೋಗ್ರಾಮು ಇದು.
ಹೇಳುವ ಮುಂಚೆ ಗಾಳಿಯನ್ನು ಒಂದು ಮಾತು ಕೇಳಬೇಕು.
ಲ್ಯಾಪ್‌ಟಾಪಿನೊಳಗೆ ಗಾಳಿ ಎಲ್ಲಿಂದ ಬರಬೇಕು?
ಅದಕ್ಕೇ ಒಂದು ಅಣಕು ಗಾಳಿ ಕಟ್ಟಿದ್ದರು:
ಯಾವಾಗ ಕೇಳಿದರೂ ನೈಋತ್ಯದಿಂದ, ಸೆಕೆಂಡಿಗೆ ಹನ್ನೊಂದು ಮೀಟರು,
ಬಾಯಿಪಾಠ ಮಾಡಿಸಿದ ಸಾಕ್ಷಿಯ ಹಾಗೆ, ಒಂದಕ್ಷರ ಬದಲಿಲ್ಲ.
ಆ ಅಣಕಿಗೆ ಇದ್ದದ್ದು ಒಂದೇ ಹಟ:
ನನ್ನನ್ನು ಒಮ್ಮೆ ಕೇಳಬೇಕು. ಕೇಳದೆ ಹೋದರೆ
ಕೆಂಪಾಗುತ್ತೇನೆ.

ಆದರೆ ಕಟ್ಟೆಯ ಯಂತ್ರಕ್ಕೆ ನಿಜವಾದ ಗಾಳಿಯೇ ಉಂಟು,
ಕಂಬದ ತುದಿಯಲ್ಲಿ ಬಟ್ಟಲುಗಳು ಗಿರಗಿರ ತಿರುಗುತ್ತವೆ.
ಅಲ್ಲಿ ಅಣಕನ್ನು ಯಾರು ಮಾತಾಡಿಸುತ್ತಾರೆ?
ಕೆಂಪು, ಪ್ರತಿ ರಾತ್ರಿ ಕೆಂಪು.
ಐದು ವರ್ಷದ ಹಿಂದೆ ತ್ರೋಂದುರ್, ಒಂದು ಗುರುವಾರ ಸಂಜೆ,
ಹಸಿದಿದ್ದನಂತೆ, ಒಂದು ಸಾಲು ಬರೆದು ಮನೆಗೆ ಹೋದ:
ಯಂತ್ರದ ಹೆಸರು ಬಂದರು ಎಂದಿದ್ದರೆ
ನಿರೀಕ್ಷೆ ಬೇಡ.

ತಪ್ಪೇನಿಲ್ಲ. ನಾನಾಗಿದ್ದರೂ ಹಾಗೇ ಬರೆಯುತ್ತಿದ್ದೆ.
ಆದರೆ ಒಂದು 'ರೆ' ಹೊಕ್ಕ ಮನೆಗೆ ಉಳಿದ 'ರೆ'ಗಳು ದಾರಿ ಕೇಳುವುದಿಲ್ಲ.
ರಾತ್ರಿಯಾದರೆ, ದಕ್ಷಿಣದ ದ್ವೀಪವಾದರೆ,
ಶುಕ್ರವಾರದ ಪ್ರತಿಯಾದರೆ, ಯಾರೂ ನೋಡುತ್ತಿಲ್ಲವಾದರೆ.
ಕೊನೆಗೊಬ್ಬ ಹೊಸ ಹುಡುಗ, ಅಚ್ಚುಕಟ್ಟು ಮಾಡಲು ಹೋಗಿ,
ಹೆಸರಿಲ್ಲದ ಯಂತ್ರಕ್ಕೆಲ್ಲ ಬಂದರು ಎಂದೇ ನಾಮಕರಣ ಮಾಡಿದ.
ಅಂದಿನಿಂದ ಎಲ್ಲವೂ ಬಂದರು.
ಎಲ್ಲಿಯೂ ಯಾರಿಗೂ ಏನೂ ನಿರೀಕ್ಷೆಯಿಲ್ಲ.

ಹದಿನೇಳು ತಿಂಗಳು.
ನಡುವೆ ಯಾವಾಗಲೋ, ಗಾಳಿಯನ್ನು ಕೇಳುವ ಸಾಲೇ ಅಳಿಸಿಹೋಗಿತ್ತು.
ಪ್ರೋಗ್ರಾಮು ಯಾರನ್ನೂ ಕೇಳದೆ ಹೊರಡಿ ಎನ್ನುತ್ತಿತ್ತು,
ಪರೀಕ್ಷೆಗಳು ಹಸಿರು ತಲೆ ಆಡಿಸುತ್ತಿದ್ದವು.

ರನ್ವಾ ಮೆಟ್ಟಿಲಿಳಿದು ಓಡಿದಳು.
ಕ್ಯಾಪ್ಟನ್ ದಾನ್ಯಲ್ ಹಗ್ಗ ಸುತ್ತುತ್ತಿದ್ದ.
ಹದಿನೇಳು ತಿಂಗಳು ನೀವು ಹೇಗೆ... ಅವಳಿಗೆ ಉಸಿರು ಸಾಲದು.
"ಆ ಪರದೆಯೇ? ಅದಕ್ಕೆ ನನ್ನ ಟೋಪಿ ತೂಗುಹಾಕಿರುತ್ತೇನೆ.
ಕಿಟಕಿಯಿಂದ ಕೈ ಹೊರಗಿಟ್ಟರೆ ಸಾಕಲ್ಲ."
ನಕ್ಕಳು. ಮೆಟ್ಟಿಲು ಹತ್ತುವಾಗ ನೆನಪಾಯಿತು,
ಅವನಿಗೆ ಮುಂದಿನ ವರ್ಷ ನಿವೃತ್ತಿ.

'ರೆ'ಗಳನ್ನೆಲ್ಲ ಅವಳು ಕೀಳಲಿಲ್ಲ;
ನಿಜದ ಗಾಳಿಯಿರುವಲ್ಲಿ ಅಣಕು ಬಾಯಿ ಮುಚ್ಚಿರಬೇಕು, ಸರಿಯೇ.
ಹೆಸರಿಲ್ಲದ ಯಂತ್ರ ಮಾತ್ರ ಇನ್ನು ಮೇಲೆ ಹೆಸರಿಲ್ಲದ್ದೇ,
ಅದು ಕಾಯಲೇಬೇಕು.
ಕಾಯದೆ ಬಿಟ್ಟಲ್ಲಿ ಹಸಿರು ಬಳಿಯಕೂಡದು. ಹಳದಿ ಬಳಿದಳು,
ಪಕ್ಕದಲ್ಲೊಂದು ಸಾಲು: ಇಲ್ಲಿ ಕೇಳಿಲ್ಲ, ಗೊತ್ತಿಲ್ಲ.
ಸಂಜೆಯ ಹೊತ್ತಿಗೆ ಪರದೆಗೆ ಕಾಮಾಲೆ ಬಂದ ಹಾಗಿತ್ತು.

ಅಣ್ಣ ಇರುವುದು ದಕ್ಷಿಣದ ದ್ವೀಪದಲ್ಲಿ. ಹಿಂದೊಮ್ಮೆ ಹೇಳಿದ್ದ:
ಗಾಳಿ ಜೋರಿದ್ದರೆ ನನಗಾಗಿ ಕಾಯಬೇಡ.
ಎಷ್ಟು ಸುಲಭದ ಮಾತು. ಗಾಳಿಯಿಲ್ಲದ ಶುಕ್ರವಾರಗಳಲ್ಲೂ
ಅವಳು ಕಟ್ಟೆಗೆ ಹೋಗಿ ಎಷ್ಟು ಕಾಲವಾಯಿತು?

ಇವತ್ತು ಹೋಗಿದ್ದಾಳೆ. ಕೈ ಚಾಚಿ ನೋಡುತ್ತಾಳೆ, ಆರೋ ಏಳೋ ಮೀಟರು.
ದೂರದಲ್ಲಿ ಹಡಗಿನ ದೀಪ, ಆಮೇಲೆ ಹತ್ತಿರದಲ್ಲಿ.
ಬಂದರೆ ಎಂಬುದಕ್ಕೂ ಬಂದರು ಎಂಬುದಕ್ಕೂ
ಒಂದು ಸ್ವರದ ಅಂತರ.
ಹಲಗೆ ಇಳಿಸುತ್ತಿದ್ದಾರೆ.
ಒಬ್ಬೊಬ್ಬರ ಮುಖವನ್ನೂ ನೋಡುತ್ತ ನಿಂತಿದ್ದಾಳೆ,
ಮೀನಿನ ವಾಸನೆಯ ಅದೇ ಕೋಟು, ಒಂದೂ ಗುಂಡಿ ಹಾಕದೆ.