ಕಿವಿಯಲ್ಲಿ ಹಳದಿ ಬಿಲ್ಲೆ

ತ್ಬಿಲಿಸಿಯ ಬೀದಿನಾಯಿಗೆ ಕಿವಿಗೊಂದು ಬಿಲ್ಲೆ.
ಲಸಿಕೆ ಆಗಿದೆ, ಬೀಜ ತೆಗೆದಿದೆ, ಹೆದರಬೇಡಿ ಎಂದರ್ಥ.
ನಮ್ಮ ಅಂಗಳದ ಬೋಂಬೋರಾನ ಬಿಲ್ಲೆ
ನಾನೇ ಚುಚ್ಚಿದ್ದು. ಬೀಜ ತೆಗೆದದ್ದೂ ನಾನೇ,
ಮಾರ್ಚ್ ತಿಂಗಳು, ಕರೆಂಟು ಹೋಗಿ ಬಂದು ಮಾಡುತ್ತಿದ್ದ ದಿನ.

ಆದರೂ ಇವತ್ತು ಬೆಳಗ್ಗೆ ಹಿಪ್ಪುನೇರಳೆಯ ಕೆಳಗೆ
ಬೇಕರಿಯ ಕರಿನಾಯಿ ಬಂದದ್ದೇ ತಡ,
ಅದರ ಬೆನ್ನೇರಿದ.
ಅದೂ ಗಂಡೇ.
ಮೂರು ಸಲ. ನಾಲ್ಕನೆಯ ಸಲ ತಲೆಯ ಕಡೆಯಿಂದ.

ಲಮಾರಾ ಬಾಲ್ಕನಿಯಿಂದ ಬಕೆಟ್ಟು ನೀರು ಸುರಿದಳು,
ಮೊಮ್ಮಗನ ಕಣ್ಣು ಮುಚ್ಚಿದಳು.
ಅವನು ಬೆರಳ ಸಂದಿಯಿಂದ ನೋಡಿದ.
ನಾರ್ದಿಯಾಟದ ನಡುವೆ ಬಾದ್ರಿ ತಲೆಯೆತ್ತಿ
"ಡಾಕ್ಟರಮ್ಮ, ಒಂದು ಉಳಿಸಿಬಿಟ್ಟಿರೇನೋ. ಎಣಿಸಿದಿರಾ?" ಎಂದ.
ಅಂಗಳಕ್ಕೆ ಅಂಗಳವೇ ನಕ್ಕಿತು. ನಾನೂ ನಕ್ಕೆ.
ಎಣಿಸಿದ್ದೆ.

ಏನು ಹೇಳಲಿ ಇವನಿಗೆ?
ಬೆದೆಯಲ್ಲ ಅದು. ಯಜಮಾನಿಕೆಯಂತೂ ಅಲ್ಲ;
ಕರಿನಾಯಿ ತಿರುಗಿ ಒಮ್ಮೆ ಹಲ್ಲು ತೋರಿದರೆ ಸಾಕು,
ಬೋಂಬೋರಾ ಅಂಗಾತ ಬಿದ್ದು ಹೊಟ್ಟೆ ಒಪ್ಪಿಸುತ್ತಾನೆ.
ಇಪ್ಪತ್ತಾರು ವರ್ಷದಿಂದ ನೋಡುತ್ತಿದ್ದೇನೆ:
ಕಣ್ಣು ಬಿಟ್ಟು ತಿಂಗಳಾಗದ ಮರಿಗಳು, ಆಟದಲ್ಲೇ ಒಂದರ ಮೇಲೊಂದು.
ಹೆಣ್ಣೂ ಹತ್ತುತ್ತದೆ. ದಿಂಬು, ರಬ್ಬರ್ ಬೂಟು,
ಪಾದ್ರಿಯ ಮೊಣಕಾಲು, ಯಾವುದಾದರೂ ಆಗುತ್ತದೆ.
ಹೊಸಬರು ಬಂದಾಗ. ಪಟಾಕಿಯ ರಾತ್ರಿ.
ಮೂಳೆಯ ಚೀಲ ಕಂಡು, ಮೂಳೆ ಇನ್ನೂ ಸಿಗದಾಗ.
(ಒಮ್ಮೊಮ್ಮೆ ಉರಿಮೂತ್ರ, ತುರಿಕೆ; ಅದನ್ನು ಮೊದಲು ನೋಡಬೇಕು.)
ಮಿಕ್ಕಂತೆ, ಮೈಗೆ ಏನೋ ಹತ್ತಿಕೊಳ್ಳುತ್ತದೆ,
ಹಾಲುಕ್ಕಿದ ಹಾಗೆ, ಹೆಸರಿಲ್ಲದ್ದು, ಒಳಗೆ ನಿಲ್ಲದ್ದು.
ಮತ್ತೆ ಕಾಲಿಗೆ ಗೊತ್ತಿರುವುದಾದರೂ ಎಷ್ಟು ಕೆಲಸ?
ಓಡುವುದು, ಕೆರೆಯುವುದು, ಹತ್ತುವುದು.

ಹೇಳಲು ಬಾಯಿ ತೆರೆದಿದ್ದೆ.
ಗೇಟು ಕಿರ್ರೆಂದಿತು.

ಒಟಿಯಾ. ಬಾದ್ರಿಯ ಅಣ್ಣ.
ನೆಲಮಾಳಿಗೆಯ ಪಾಲಿನ ಜಗಳಕ್ಕೆ ಹನ್ನೊಂದು ವರ್ಷ.
ಇದೇ ಊರು, ನದಿಯ ಆಚೆ ದಡ;
ತಾಯಿಯ ಮಣ್ಣಿಗೂ ಬೇರೆ ಬೇರೆ ಹೊತ್ತಿಗೆ ಬಂದು ಹೋದವರು.
ಕೈಯಲ್ಲಿ ಐದು ಲೀಟರಿನ ಕ್ಯಾನು,
ಹೇಳಲು ತಂದ ಮಾತು ದಾರಿಯಲ್ಲೇ ಬಿದ್ದುಹೋದ ಮುಖ.

ಬಾದ್ರಿ ಎದ್ದ ರಭಸಕ್ಕೆ ದಾಳ ಚೆಲ್ಲಿದವು.
ಅಪ್ಪಿಕೊಳ್ಳಲಿಲ್ಲ.
ನೇರ ಹೋಗಿ ಕಾಲರು ಹಿಡಿದ,
ಹಣ್ಣಿಗೆ ಕೊಂಬೆ ಅಲುಗಿಸುವಂತೆ ಅಲುಗಿಸಿದ,
ಭುಜಕ್ಕೆ ಗುದ್ದಿದ, ಕುತ್ತಿಗೆ ಅಮುಕಿದ,
"ಕತ್ತೆ, ಕತ್ತೆ, ಕೂದಲೆಲ್ಲ ಎಲ್ಲಿ ಹಾಕಿದೆಯೋ" ಎಂದ.
ಆಮೇಲೆ ಏನು ತೋಚಿತೋ,
ತನಗಿಂತ ದಪ್ಪನೆಯ ಅಣ್ಣನನ್ನು ಸೊಂಟಕ್ಕೆ ತಬ್ಬಿ
ನೆಲದಿಂದ ಎತ್ತಿದ. ಇಳಿಸಿದ. ಮತ್ತೆ ಎತ್ತಿದ.
ಇಬ್ಬರೂ ಅರವತ್ತು ದಾಟಿದವರು.
ಇಬ್ಬರೂ ಏದುತ್ತಿದ್ದರು.

ಮೇಲೆ ಲಮಾರಾ ಖಾಲಿ ಬಕೆಟ್ಟು ಹಿಡಿದು ಹಾಗೇ ನಿಂತಳು.
ಹುಡುಗನ ಕಣ್ಣು ಯಾರೂ ಮುಚ್ಚಲಿಲ್ಲ.

ಅಷ್ಟರಲ್ಲಿ ಎಲ್ಲಿದ್ದನೋ, ಒದ್ದೆ ಮೈಯ ಬೋಂಬೋರಾ
ಒಟಿಯಾನ ಕಾಲು ತಬ್ಬಿ
ತನ್ನ ಕೆಲಸ ಶುರುಮಾಡಿದ್ದ.
ಯಾರೂ ಬಿಡಿಸಲಿಲ್ಲ.

ನನ್ನನ್ನೂ ಯಾರೂ ಏನೂ ಕೇಳಲಿಲ್ಲ.
ಬಗ್ಗಿ ದಾಳ ಹೆಕ್ಕಿದೆ,
ಎಣಿಸಿದೆ.
ಒಂದೇ ಇತ್ತು.