ಎಂಟು ಬರೆಯುವುದು

ಉಪ್ಪಳ್ಳಿಯ ಗ್ಯಾರೇಜಿನಲ್ಲಿ ನನ್ನ ಹಳೇ ಎಸ್ಟೀಮು
ಸ್ಟ್ಯಾಂಡುಗಳ ಮೇಲೆ, ಮುಂದಿನ ಚಕ್ರ ಕಳಚಿ,
ಹಲ್ಲಿನ ಡಾಕ್ಟರ ಮುಂದೆ ಬಾಯಿ ಬಿಟ್ಟ ಹಾಗೆ.
ಗೇರ್‌ಬಾಕ್ಸು ನೆಲಕ್ಕಿಳಿದಿದೆ. ಬಸಿದ ಎಣ್ಣೆ ಬಾಂಡಲಿಯಲ್ಲಿ,
ಅದರೊಳಗೆ ಕಬ್ಬಿಣದ ಸಣ್ಣ ಸಣ್ಣ ಮಿಣುಕು.
ಉಮ್ಮರಾಕ ಬೆರಳಲ್ಲಿ ತೆಗೆದು ತಿಕ್ಕಿ ನೋಡಿದರು,
ಬೆಳಕಿಗೆ ಹಿಡಿದರು. ಏನೂ ಹೇಳಲಿಲ್ಲ.
ಜಿಲ್ಲಾಸ್ಪತ್ರೆಯ ಲ್ಯಾಬಿನಲ್ಲಿ ದಿನಾ ರಕ್ತ ನೋಡುವವಳು ನಾನು,
ಆ ಸುಮ್ಮನಿರುವಿಕೆ ನನಗೆ ಗೊತ್ತು.

ಹೋದ ವರ್ಷ ಆಲ್ದೂರಿನ ಕಡೆ, ಎಸ್ಟೇಟಿನ ಓಟದಲ್ಲಿ,
ಮೂರನೇ ತಿರುವು.
ಒಳಗಿನ ಚಕ್ರ ಕೆಸರನ್ನು ಮಜ್ಜಿಗೆಯ ಹಾಗೆ ಕಡೆಯಿತು.
ಹೊರಗಿನದಕ್ಕೆ ಗಟ್ಟಿ ನೆಲ ಸಿಕ್ಕಿತ್ತು,
ಆದರೂ ನಿಂತೇ ಇತ್ತು, ಮದುವೆಗೆ ಕರೆಯದ ನೆಂಟನಂತೆ.
ಹನ್ನೊಂದು ಸೆಕೆಂಡು.
‘ಜಾರೋನಿಗೆ ಓಟ, ನಿಂತೋನಿಗೆ ನೋಟ,
ಕಂಪನಿ ಕೊಟ್ಟ ಡಿಫರೆನ್ಷಿಯಲ್ಲಿನ ನ್ಯಾಯ ಇದು ಜಸಿಂತಾ’
ಅಂದಿದ್ದರು ಅವತ್ತು, ಬಾನೆಟ್ಟಿನ ಕೆಸರು ಒರೆಸುತ್ತ.

ಕೊಯಮತ್ತೂರಿನಿಂದ ಬಂತು ಬೇರೆ ನ್ಯಾಯ.
ಯಾರೋ ಓಡಿಸಿ ಬಿಟ್ಟದ್ದು, ಹಳೇ ಪಂಚೆಯಲ್ಲಿ ಸುತ್ತಿ
ಬಸ್ಸಿನ ಪಾರ್ಸೆಲ್ಲಿನಲ್ಲಿ; ಮೇಲೆ ಯಾವನೋ ಬರೆದಿದ್ದ,
‘ದೇವರ ಗಂಟೆ, ಜೋಪಾನ.’
ನನ್ನ ಎರಡು ತಿಂಗಳ ಸಂಬಳ, ಒಂದು ಉಂಗುರ.
ಬಿಚ್ಚಿದರೆ ಬಿಲ್ಲೆಗಳು, ಒಂದರ ಬೆನ್ನಿಗೊಂದು,
ಒಂದಕ್ಕೆ ಹಲ್ಲು ಹೊರಗೆ, ಒಂದಕ್ಕೆ ಒಳಗೆ,
ಒಂದೇ ಬೆಂಚಿನಲ್ಲಿ ಕೂತು ಮಾತು ಬಿಟ್ಟವರ ಹಾಗೆ.
ಸೆಲ್ವ ಒಂದೊಂದಕ್ಕೂ ಎಣ್ಣೆ ಸವರಿದ, ದೋಸೆಗೆ ಸವರಿದಂತೆ.

ಕ್ರೌನಿನ ಬೋಲ್ಟುಗಳನ್ನು ಸಾಲಾಗಿ ಬಿಗಿಯಬಾರದು.
ಎದುರು, ಬದುರು, ಮತ್ತೆ ಎದುರು.
ಟಾರ್ಕ್ ಪಾನ ‘ಟಕ್’ ಅಂದರೆ ಅಲ್ಲಿಗೆ ನಿಲ್ಲಿಸು,
ಇನ್ನೊಂದು ಕೂದಲೆಳೆ ಆಸೆ ಬೇಡ.
ಶಿಮ್ಮು ಹಾಕಿದರು, ತೆಗೆದರು, ಬೇರೆ ಹಾಕಿದರು,
ಕೈಯಲ್ಲಿ ತಿರುಗಿಸಿ ಕಣ್ಣು ಮುಚ್ಚಿ ಕೇಳಿದರು.
ಮಗ್ರಿಬಿನ ಹೊತ್ತಿಗೆ ಕೈ ತೊಳೆದು ಹೋದರು,
ಬಂದು ಮತ್ತೆ ಅದೇ ಶಿಮ್ಮು ತೆಗೆದರು.

ಹೊಸ ಎಣ್ಣೆಗೆ ಕೊಳೆತ ಮೊಟ್ಟೆಯ ನಾತ.
ಬಿಲ್ಲೆಗಳು ಒಂದನ್ನೊಂದು ತಿಂದು ಹೊಂದಿಕೊಳ್ಳಬೇಕು,
ಅದಕ್ಕೆ ಎಂಟು ಬರೆಯಬೇಕು, ನಿಧಾನ, ಅರ್ಧ ಗಂಟೆ,
ಎಡಕ್ಕೊಂದು ಸುತ್ತು, ಬಲಕ್ಕೊಂದು.
ರಾತ್ರಿ ಹತ್ತಕ್ಕೆ ಕಾಫಿ ಕ್ಯೂರಿಂಗಿನ ಸಿಮೆಂಟು ಕಣ,
ಕಾವಲಿನ ಕೆಂಚೇಗೌಡರಿಗೆ ಒಂದು ಕಟ್ಟು ಬೀಡಿ.
ನಾನು ಕೀಲಿ ತಿರುಗಿಸುವುದರೊಳಗೆ
‘ಸ್ವಲ್ಪ ಆ ಕಡೆ ಸರಿ’ ಅಂದರು ಉಮ್ಮರಾಕ.

ಒಂಬತ್ತು ವರ್ಷದಲ್ಲಿ ನಾನು ಗಮನಿಸಿಯೇ ಇರಲಿಲ್ಲ.
ಗಾಡಿ ರೋಡಿಗೆ ತೆಗೆದು ನೋಡುವವನು ಯಾವಾಗಲೂ ಸೆಲ್ವ.
ಗ್ಯಾರೇಜಿನ ಗೇಟಿನಾಚೆ ಅವರು ಸ್ಟೀರಿಂಗು ಹಿಡಿದದ್ದಿಲ್ಲ.
‘ಲೈಸೆನ್ಸ್ ಇಲ್ಲ ನಂಗೆ. ತೊಂಬತ್ತೊಂದರಲ್ಲಿ ಎಂಟಲ್ಲೇ ಫೇಲು, ಮೂರು ಸಲ,
ಕೋಲು ಬಿತ್ತು. ಮತ್ತೆ ಹೋಗ್ಲಿಲ್ಲ.
ನಾ ಕಲಿತದ್ದು ಕನ್ನಡ ಶಾಲೆ ಎಂಟು, ೮.
ಬಾಲ ಹೊರಗೆ ಹೋಗೇಬಿಡ್ತದೆ ನೋಡು.
ಅವ್ರು ಕೇಳಿದ್ದು ಇಂಗ್ಲಿಷಿಂದು,
ಹೊರಟಲ್ಲಿಗೇ ವಾಪಸು ಬರ್ಬೇಕು.’

ಕ್ಲಚ್ಚು ಬಿಟ್ಟರು. ಒಂದನೇ ಗೇರು.
ತಿರುವಿನಲ್ಲಿ ಕೆಳಗಿಂದ ಗೊರ್ ಗೊರ್ ಎಂದು ಗೊಣಗಿತು,
ಎರಡು ಚಕ್ರವೂ ಭಾರ ಹೊತ್ತ ಸದ್ದು.
ಸ್ಟೀರಿಂಗು ಜಗ್ಗಿತು, ಅವರು ಬಿಡಲಿಲ್ಲ.
ಮೊದಲನೆಯದು ಕನ್ನಡದ್ದೇ ಆಯಿತು, ಗೋಡೆಯವರೆಗೂ.
ನಾಲ್ಕನೆಯದು ಕೂಡಿತು.
ನಾನು ಎಣಿಸುತ್ತಿದ್ದೆ, ಆಮೇಲೆ ಬಿಟ್ಟೆ.

ಅರ್ಧ ಗಂಟೆ ಯಾವಾಗಲೋ ಆಗಿತ್ತು.
ಕೆಂಚೇಗೌಡರ ಬೀಡಿಯೂ ಆರಿತ್ತು.
ಪೆಟ್ರೋಲಿನ ಕೆಂಪು ದೀಪ ಹತ್ತಿದ್ದು ನನಗೆ ಕಂಡಿತು,
ಅವರಿಗೂ ಕಂಡಿರಬೇಕು.